ಸ್ವತಂತ್ರ ಸಿಎಫ್‌ಡಿ ಕೆಲಸಕ್ಕೆ ಕೈಗೆಟುಕುವ ಮೆಶಿಂಗ್ ತಂತ್ರಾಂಶ ಯಾವುದು?

ಪ್ರಶ್ನೆ: ಕಂಪನಿಯ ಕೆಲಸ ಬಿಟ್ಟು ಹುಬ್ಬಳ್ಳಿಯಲ್ಲಿ ಸ್ವಂತವಾಗಿ ಸಿಎಫ್‌ಡಿ (ದ್ರವ, ಅನಿಲಗಳ ಹರಿವನ್ನು ಗಣಕದಲ್ಲಿ ಲೆಕ್ಕ ಹಾಕುವ) ಸಲಹೆ ಕೊಡಲು ಆರಂಭಿಸಿದ್ದೇನೆ. ಸದ್ಯಕ್ಕೆ ಇಲ್ಲಿನ ವಾಲ್ವ್ ತಯಾರಕರೇ ನನ್ನ ಗಿರಾಕಿಗಳು. ವಾಲ್ವ್ ಎಷ್ಟು ತೆರೆದಾಗ ಎಷ್ಟು ನೀರು ಹರಿಯುತ್ತದೆ, ಎಷ್ಟು ಒತ್ತಡ ಇಳಿಯುತ್ತದೆ ಎಂದು ಲೆಕ್ಕ ಹಾಕಿ ಕೊಡುತ್ತೇನೆ. ಗಣನೆಗೆ ಓಪನ್‌ಫೋಮ್ ಎಂಬ ಉಚಿತ ತಂತ್ರಾಂಶ ಇದೆ. ಆದರೆ ಕಂಪನಿಯಲ್ಲಿ ಬಳಸುತ್ತಿದ್ದಂಥ ಮೆಶಿಂಗ್ (ಹರಿವಿನ ಜಾಗವನ್ನು ಸೆಲ್ ಎಂಬ ಸಣ್ಣ ಕೋಶಗಳ ಜಾಲವಾಗಿ, ಎಂದರೆ ಮೆಶ್ ಆಗಿ, ಒಡೆಯುವ) ತಂತ್ರಾಂಶದ ವಾರ್ಷಿಕ ಲೈಸೆನ್ಸ್ ನನ್ನ ಶಕ್ತಿಗೆ ಮೀರಿದ್ದು. ಓಪನ್‌ಫೋಮ್ ಜೊತೆಗೇ ಬರುವ ಸ್ನ್ಯಾಪಿಹೆಕ್ಸ್‌ಮೆಶ್ ಬಳಸಿ ನೋಡಿದೆ; ಗೋಡೆಯ ಪಕ್ಕದ ತೆಳು ಸೆಲ್‌ಗಳ ಪದರಗಳು ಅಲ್ಲಲ್ಲಿ ಮಾಯವಾಗುತ್ತವೆ. ಕಡಿಮೆ ಬೆಲೆಯ ಒಳ್ಳೆಯ ಮೆಶಿಂಗ್ ತಂತ್ರಾಂಶ ಯಾವುದು? ವಿದ್ಯಾರ್ಥಿ ಆವೃತ್ತಿಯಲ್ಲಿ ಮೆಶ್ ಮಾಡಿಕೊಂಡು ಓಪನ್‌ಫೋಮ್‌ಗೆ ತಂದರೆ ತಪ್ಪೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ತಪ್ಪು. ವಿದ್ಯಾರ್ಥಿ ಆವೃತ್ತಿಗಳನ್ನು ಕೊಡುವುದು ಕಲಿಕೆಗೆ. ಹಣ ಪಡೆದು ಮಾಡುವ ಕೆಲಸಕ್ಕೆ ಬಳಸಬಾರದು ಎಂದು ಅವುಗಳ ಒಪ್ಪಂದದಲ್ಲೇ ಬರೆದಿರುತ್ತದೆ. ಗಣನೆಯನ್ನು ಬೇರೆ ಕಡೆ ನಡೆಸಿದರೂ ಮೆಶ್ ಮಾಡಿದ್ದು ಅಲ್ಲಿಯೇ ಎಂಬುದು ಬದಲಾಗುವುದಿಲ್ಲ. ನಿಮ್ಮ ವರದಿ ನಾಳೆ ಒಬ್ಬ ರಫ್ತುದಾರರ ಕಡತ ಸೇರುತ್ತದೆ; ಅದನ್ನು ಯಾವ ತಂತ್ರಾಂಶದಲ್ಲಿ ಮಾಡಿದಿರಿ ಎಂದು ವಿದೇಶಿ ಖರೀದಿದಾರ ಕೇಳುವುದು ಸಾಮಾನ್ಯ. ಆ ಸಾಲಿನಲ್ಲಿ ನೀವು ಧೈರ್ಯವಾಗಿ ಬರೆಯಬಹುದಾದ ಹೆಸರು ಇರಬೇಕು. ಬ್ರೌಸರ್‌ನಲ್ಲೇ ನಡೆಯುವ ಉಚಿತ ಸೇವೆಗಳ ವಿಷಯದಲ್ಲೂ ಎಚ್ಚರ ಬೇಕು. ಸಿಮ್‌ಸ್ಕೇಲ್‌ನ ಉಚಿತ ಖಾತೆಯಲ್ಲಿ ಮಾಡಿದ ಕೆಲಸ ಎಲ್ಲರಿಗೂ ಕಾಣುವಂತೆ ತೆರೆದಿರುತ್ತದೆ. ಕಲಿಯುವವರಿಗೆ ಅದು ಒಳ್ಳೆಯದೇ, ಆದರೆ ಗಿರಾಕಿಯ ವಾಲ್ವ್ ವಿನ್ಯಾಸವನ್ನು ಅಲ್ಲಿ ಇಡುವಂತಿಲ್ಲ.

ಮುಖ್ಯ ಪ್ರಶ್ನೆಗೆ ನನ್ನ ಉತ್ತರ: ಈಗ ಯಾವುದನ್ನೂ ಕೊಳ್ಳಬೇಡಿ. ವಾಲ್ವ್ ಕೆಲಸಕ್ಕೆ ಬೇಕಾದ ಮೆಶ್ ಅನ್ನು ಉಚಿತ ತಂತ್ರಾಂಶಗಳು ಮಾಡಿಕೊಡಬಲ್ಲವು. ನಿಮಗೆ ಬಂದಿರುವ ತೊಂದರೆಯ ಮೂಲ ತಂತ್ರಾಂಶದ ಬೆಲೆಯಲ್ಲಿ ಇಲ್ಲ. ಗೋಡೆಯ ಬಳಿ ಎಂಥ ಮೆಶ್ ಬೇಕು ಎಂಬುದನ್ನು ನೀವು ಇನ್ನೂ ನಿರ್ಧರಿಸಿದಂತಿಲ್ಲ. ಆ ನಿರ್ಧಾರ ಆಗುವವರೆಗೆ ಲಕ್ಷಗಟ್ಟಲೆ ಕೊಟ್ಟರೂ ಪದರಗಳ ಗೋಳು ತಪ್ಪುವುದಿಲ್ಲ.

ಆದ್ದರಿಂದ ಮೊದಲು ಲೆಕ್ಕ ಹಾಕೋಣ. ನೂರು ಮಿಲಿಮೀಟರ್ ವ್ಯಾಸದ ಪೈಪಿನಲ್ಲಿ ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 3 ಲಕ್ಷ. ನಯವಾದ ಪೈಪಿಗೆ ಬ್ಲಾಸಿಯಸ್ ಸೂತ್ರ ಹಚ್ಚಿದರೆ ಘರ್ಷಣಾಂಕ ಸುಮಾರು 0.0034 ಬರುತ್ತದೆ, ಗೋಡೆಯ ಮೇಲಿನ ಘರ್ಷಣೆ ಸುಮಾರು 15 ಪಾಸ್ಕಲ್, ಘರ್ಷಣಾ ವೇಗ ಸೆಕೆಂಡಿಗೆ ಸುಮಾರು 0.12 ಮೀಟರ್. ಇದನ್ನು ಇಟ್ಟುಕೊಂಡು ವೈ ಪ್ಲಸ್ (ಗೋಡೆಯಿಂದ ಇರುವ ದೂರವನ್ನು ಘರ್ಷಣಾ ವೇಗ ಮತ್ತು ಸ್ನಿಗ್ಧತೆಯ ಲೆಕ್ಕದಲ್ಲಿ ಹೇಳುವ ಸಂಖ್ಯೆ) 50 ಬೇಕೆಂದರೆ ಮೊದಲ ಸೆಲ್‌ನ ಕೇಂದ್ರ ಗೋಡೆಯಿಂದ 0.4 ಮಿ.ಮೀ. ದೂರದಲ್ಲಿರಬೇಕು, ಎಂದರೆ ಆ ಸೆಲ್‌ನ ಎತ್ತರ 0.8 ಮಿ.ಮೀ. ವೈ ಪ್ಲಸ್ 1 ಬೇಕೆಂದರೆ ಎತ್ತರ 0.016 ಮಿ.ಮೀ.ಗೆ ಇಳಿಯುತ್ತದೆ. ಒಳಗಿನ ಸೆಲ್‌ಗಳು 2 ಮಿ.ಮೀ. ಇದ್ದು, ಪದರದಿಂದ ಪದರಕ್ಕೆ 1.2 ಪಟ್ಟು ದಪ್ಪ ಹೆಚ್ಚುತ್ತಾ ಹೋಗುವುದಾದರೆ, ಮೊದಲನೆಯದಕ್ಕೆ ಐದು ಪದರ ಸಾಕು. ಎರಡನೆಯದಕ್ಕೆ ಇಪ್ಪತ್ತಾರು, ಇಪ್ಪತ್ತೇಳು ಪದರ ಬೇಕು.

ಐದು ಪದರವನ್ನು ಉಚಿತ ತಂತ್ರಾಂಶ ನೆಮ್ಮದಿಯಾಗಿ ಹಾಕುತ್ತದೆ. ಇಪ್ಪತ್ತಾರು ಪದರವನ್ನು ವಾಲ್ವ್‌ನ ಒಳಗಿನ ಮೂಲೆಮುಡುಕುಗಳಲ್ಲೆಲ್ಲ ಹಾಕು ಎಂದರೆ ಅದು ಒದ್ದಾಡುತ್ತದೆ. ದುಬಾರಿ ತಂತ್ರಾಂಶದಲ್ಲೂ ಅದು ಕೈಹಿಡಿದು ಮಾಡಿಸಬೇಕಾದ ಕೆಲಸವೇ. ಹಾಗಾದರೆ ನಿಮಗೆ ಯಾವುದು ಬೇಕು? ವಾಲ್ವ್‌ನಲ್ಲಿ ಒತ್ತಡ ಇಳಿಯುವುದು ಬಹುಪಾಲು ಗೋಡೆಯ ಘರ್ಷಣೆಯಿಂದ ಅಲ್ಲ. ಕಿರಿದಾದ ಸಂದಿಯಿಂದ ಚಿಮ್ಮಿದ ನೀರು ಅಂಚಿನಲ್ಲಿ ಗೋಡೆಯನ್ನು ಬಿಟ್ಟು, ಹಿಂದೆ ಸುಳಿಯಾಗಿ ತಿರುಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದಲ್ಲ, ಅದರಿಂದ. ಬಟರ್‌ಫ್ಲೈ ವಾಲ್ವ್‌ನ ತಟ್ಟೆಯ ಅಂಚು, ಬಾಲ್ ವಾಲ್ವ್‌ನ ರಂಧ್ರದ ಅಂಚು ಚೂಪಾಗಿರುವುದರಿಂದ ಹರಿವು ಎಲ್ಲಿ ಬೇರ್ಪಡುತ್ತದೆ ಎಂಬುದು ಆಕಾರದಿಂದಲೇ ನಿಶ್ಚಯವಾಗುತ್ತದೆ. ಇಂಥಲ್ಲಿ ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಪ್ರಕ್ಷುಬ್ಧ ಹರಿವಿನ ಮಾದರಿಯನ್ನು ವಾಲ್ ಫಂಕ್ಷನ್ (ಗೋಡೆಗೆ ತೀರ ಹತ್ತಿರದ ಹರಿವನ್ನು ಸೂತ್ರದಿಂದ ಅಂದಾಜಿಸುವ ವಿಧಾನ) ಜೊತೆ, ವೈ ಪ್ಲಸ್ 30ರಿಂದ 300ರ ನಡುವೆ ಇಟ್ಟುಕೊಂಡು ಬಳಸುವುದು ಸಮರ್ಥನೀಯ. ಅದೇ ನೀವು ವಿಮಾನದ ರೆಕ್ಕೆಯ ಡ್ರ್ಯಾಗ್ ಅನ್ನೋ, ಟರ್ಬೈನ್ ಎಲೆಯ ಶಾಖವರ್ಗಾವಣೆಯನ್ನೋ ಲೆಕ್ಕ ಹಾಕುತ್ತಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಲ್ವ್ ಸ್ವಲ್ಪವೇ ತೆರೆದಿದ್ದಾಗ ಸಂದಿ 3 ಮಿ.ಮೀ. ಮಾತ್ರ ಇರಬಹುದು. ಅದರಲ್ಲಿ 0.8 ಮಿ.ಮೀ.ನ ಪದರ ಇಟ್ಟರೆ ಅಡ್ಡಕ್ಕೆ ನಾಲ್ಕು ಸೆಲ್ ಕೂಡ ಸಿಗುವುದಿಲ್ಲ. ಆದರೆ ಅಲ್ಲಿ ವೇಗವೂ ಹೆಚ್ಚಿರುತ್ತದೆ. ಅದು ಸೆಕೆಂಡಿಗೆ 15 ಮೀಟರ್ ಆದರೆ ಘರ್ಷಣಾ ವೇಗ ಸುಮಾರು ನಾಲ್ಕು ಪಟ್ಟಾಗಿ, 0.2 ಮಿ.ಮೀ. ಎತ್ತರದ ಸೆಲ್‌ನಲ್ಲೂ ವೈ ಪ್ಲಸ್ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಇಡೀ ವಾಲ್ವ್‌ಗೆ ಒಂದೇ ಅಳತೆ ಇಡಬೇಡಿ. ಪೈಪಿನ ಭಾಗಕ್ಕೆ ದಪ್ಪ ಪದರ, ಸಂದಿಯ ಭಾಗಕ್ಕೆ ತೆಳು ಪದರ ಎಂದು ಪ್ರತ್ಯೇಕವಾಗಿ ಹೇಳಿ. ಅದಕ್ಕಾಗಿ ಮೇಲ್ಮೈಗಳನ್ನು ಮೊದಲೇ ಬೇರೆಬೇರೆ ಹೆಸರಿನಲ್ಲಿ ವಿಂಗಡಿಸಿರಬೇಕು.

ಈಗ ತಂತ್ರಾಂಶಗಳ ವಿಷಯ. ನಿಮ್ಮಂಥ ಕೆಲಸಕ್ಕೆ ನಾನು ಮೊದಲು ಹೇಳುವ ಹೆಸರು ಸಿಎಫ್‌ಮೆಶ್. ಇದು ಮುಕ್ತ ತಂತ್ರಾಂಶ. ಓಪನ್‌ಫೋಮ್‌ನ ಎರಡು ಮುಖ್ಯ ಶಾಖೆಗಳಲ್ಲಿ ಡಾಟ್ ಕಾಮ್ (openfoam.com) ಶಾಖೆಯ ಜೊತೆಗೆ ಸಿಗುತ್ತದೆ. ಅದರ ಕಾರ್ಟೀಸಿಯನ್‌ಮೆಶ್ ಎಂಬ ಆದೇಶ ಒಂದು ಎಸ್‌ಟಿಎಲ್ ಕಡತವನ್ನು (ಮೇಲ್ಮೈಯನ್ನು ತ್ರಿಕೋನಗಳಾಗಿ ಬರೆದಿಟ್ಟದ್ದು) ತೆಗೆದುಕೊಂಡು ಹೆಚ್ಚುಪಾಲು ಆರು ಮುಖದ ಸೆಲ್‌ಗಳಿಂದ ತುಂಬಿಸುತ್ತದೆ. ಗೋಡೆಯ ಮೇಲೆ ಮೊದಲು ಒಂದು ದಪ್ಪ ಪದರ ಹಾಕಿ, ಆಮೇಲೆ ಅದನ್ನೇ ಬೇಕಾದಷ್ಟು ತೆಳು ಪದರಗಳಾಗಿ ಸೀಳುವುದು ಅದರ ವಿಧಾನ. ಆದ್ದರಿಂದಲೇ ಅದರ ಪದರಗಳು ಸಾಮಾನ್ಯವಾಗಿ ಮಧ್ಯೆ ತುಂಡಾಗದೆ ಇಡೀ ಮೇಲ್ಮೈಯನ್ನು ಹೊದೆಯುತ್ತವೆ. ನಿಮ್ಮ ಮುಖ್ಯ ದೂರು ಇದೇ ತಾನೇ? ಮೆಶ್‌ಡಿಕ್ಟ್ ಎಂಬ ಒಂದೇ ಕಡತದಲ್ಲಿ ದೊಡ್ಡ ಸೆಲ್‌ನ ಅಳತೆ, ಸೂಕ್ಷ್ಮಗೊಳಿಸಬೇಕಾದ ಜಾಗಗಳು, ಪದರಗಳ ಸಂಖ್ಯೆ, ಏರಿಕೆಯ ಅನುಪಾತ, ಮೊದಲ ಪದರದ ಗರಿಷ್ಠ ದಪ್ಪ ಇಷ್ಟನ್ನು ಬರೆದರೆ ಮುಗಿಯಿತು. ಒಂದು ಕಿವಿಮಾತು: ಎಸ್‌ಟಿಎಲ್ ಅನ್ನು ನೇರವಾಗಿ ಕೊಡದೆ, ಅದರ ಜೊತೆಗಿರುವ ಸರ್ಫೇಸ್‌ಫೀಚರ್‌ಎಡ್ಜಸ್ ಆದೇಶದಿಂದ ಅಂಚುಗಳನ್ನು ಗುರುತಿಸಿ ಎಫ್‌ಎಂಎಸ್ ಕಡತ ಮಾಡಿಕೊಂಡು ಕೊಡಿ. ಇಲ್ಲವಾದರೆ ಚೂಪು ಅಂಚುಗಳು ಸವೆದಂತಾಗುತ್ತವೆ, ಮತ್ತು ನಿಮ್ಮ ವಾಲ್ವ್‌ನಲ್ಲಿ ಲೆಕ್ಕವೆಲ್ಲ ನಿಂತಿರುವುದೇ ಆ ಅಂಚುಗಳ ಮೇಲೆ. ಇದರ ಮಿತಿಯೆಂದರೆ ಒಂದು ಬಾರಿಗೆ ಒಂದೇ ಹರಿವಿನ ಪ್ರದೇಶ. ಲೋಹ ಮತ್ತು ನೀರು ಎರಡರಲ್ಲೂ ಶಾಖ ಲೆಕ್ಕ ಹಾಕಬೇಕಾದಾಗ ಇದು ಕೈಕೊಡುತ್ತದೆ.

ಅಂಥ ಕೆಲಸ ಬಂದಾಗ ಸ್ನ್ಯಾಪಿಹೆಕ್ಸ್‌ಮೆಶ್‌ಗೆ ಮರಳಬೇಕು. ಹಲವು ಪ್ರದೇಶಗಳನ್ನು, ತಿರುಗುವ ಭಾಗಗಳನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ. ಅದರಲ್ಲಿ ಪದರಗಳು ಮಾಯವಾಗುವುದಕ್ಕೆ ಕಾರಣವಿದೆ. ಅದು ಸಿದ್ಧವಾದ ಮೆಶ್ ಅನ್ನು ಗೋಡೆಯಿಂದ ಒಳಕ್ಕೆ ತಳ್ಳಿ, ತೆರವಾದ ಜಾಗದಲ್ಲಿ ಪದರ ತುಂಬುತ್ತದೆ. ತಳ್ಳಿದಾಗ ಎಲ್ಲಾದರೂ ಸೆಲ್‌ನ ಗುಣಮಟ್ಟ ನೀವು ಕೊಟ್ಟ ಮಿತಿಗಿಂತ ಕೆಟ್ಟರೆ, ಅಲ್ಲಿ ಪದರವನ್ನೇ ಕೈಬಿಡುತ್ತದೆ. ಅದಕ್ಕೇ ಮೂರು ಹಂತಗಳನ್ನು ಒಟ್ಟಿಗೆ ನಡೆಸಬೇಡಿ. ಕತ್ತರಿಸುವ ಮತ್ತು ಮೇಲ್ಮೈಗೆ ಕೂರಿಸುವ ಹಂತಗಳನ್ನು ಮುಗಿಸಿ, ಮೆಶ್ ಅನ್ನು ಪ್ಯಾರಾವ್ಯೂ ಎಂಬ ಚಿತ್ರ ತೋರಿಸುವ ತಂತ್ರಾಂಶದಲ್ಲಿ ಕಣ್ಣಾರೆ ನೋಡಿ, ಸರಿಯಿದ್ದರೆ ಮಾತ್ರ ಪದರದ ಹಂತಕ್ಕೆ ಹೋಗಿ. ಸ್ನ್ಯಾಪಿಗೆ ಅಡಿಪಾಯವಾಗುವ ಬ್ಲಾಕ್‌ಮೆಶ್‌ನ ಮೂಲ ಸೆಲ್‌ಗಳು ಮೂರು ದಿಕ್ಕಿನಲ್ಲೂ ಸಮವಾಗಿರಲಿ. ಒಂದೇ ಗೋಡೆಯ ಮೇಲೆ ಸೂಕ್ಷ್ಮತೆಯ ಮಟ್ಟ ಪದೇಪದೇ ಬದಲಾಗದಂತೆ ನೋಡಿಕೊಳ್ಳಿ. ಮಟ್ಟ ಜಿಗಿಯುವ ಗೆರೆಯಲ್ಲೇ ಪದರ ತುಂಡಾಗುವುದು ಹೆಚ್ಚು. ಪದರದ ಭಾಗದಲ್ಲಿರುವ ಫೀಚರ್‌ಆಂಗಲ್ (ಎಷ್ಟು ಕೋನದವರೆಗಿನ ಮೂಲೆಗೆ ಪದರ ಹಾಕಬೇಕೆಂಬ ಮಿತಿ) ಬೆಲೆಯನ್ನು ಏರಿಸಿದರೆ ಮೂಲೆಗಳಲ್ಲೂ ಪದರ ಸುತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಲಾಗ್ ಕಡತದ ಕೊನೆಯಲ್ಲಿ ಒಂದು ಕೋಷ್ಟಕ ಬರುತ್ತದೆ: ಯಾವ ಮೇಲ್ಮೈಯಲ್ಲಿ ಸರಾಸರಿ ಎಷ್ಟು ಪದರ ಬಂದಿದೆ, ಕೇಳಿದ ದಪ್ಪದ ಶೇಕಡಾ ಎಷ್ಟು ಸಿಕ್ಕಿದೆ ಎಂದು. ಬಹಳ ಜನ ಅದನ್ನು ಓದುವುದೇ ಇಲ್ಲ. ತಟ್ಟೆ ಮತ್ತು ಸೀಟಿನ ಸಾಲುಗಳಲ್ಲಿ ಶೇಕಡಾ 90ರ ಮೇಲಿದ್ದು, ಫ್ಲ್ಯಾಂಜಿನ ಬದಿಯ ಪೈಪಿನಲ್ಲಿ ಸ್ವಲ್ಪ ಕಡಿಮೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಜಿಮೆಶ್ ಬಗ್ಗೆ ನನಗೆ ಬಹಳ ಗೌರವವಿದೆ. ಬೆಲ್ಜಿಯಂನ ಇಬ್ಬರು ಪ್ರಾಧ್ಯಾಪಕರು, ಕ್ರಿಸ್ತೋಫ್ ಗುಝೇನ್ ಮತ್ತು ಝಾನ್-ಫ್ರಾಂಸ್ವಾ ರಮಾಕ್ಲ್, ಕಟ್ಟಿ ಬೆಳೆಸಿದ ತಂತ್ರಾಂಶವಿದು. ಎರಡು ಆಯಾಮದ ಕೆಲಸಕ್ಕೆ, ಏರ್‌ಫಾಯಿಲ್‌ಗೆ, ಸಾಲುಸಾಲಾಗಿ ಜೋಡಿಸಿದ ಸರಳ ಆಕಾರಗಳಿಗೆ ಇದಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ. ಪೈಥಾನ್‌ನಿಂದ ಪೂರ್ತಿ ನಡೆಸಬಹುದು, ಆದ್ದರಿಂದ ವಾಲ್ವ್‌ನ ಕೋನ ಬದಲಾಯಿಸುತ್ತಾ ಹತ್ತು ಮೆಶ್ ಬೇಕೆಂದರೆ ಒಂದು ಸಣ್ಣ ಕಾರ್ಯಕ್ರಮ ಬರೆದರೆ ಸಾಕು. ಆದರೆ ಮೂರು ಆಯಾಮದ ಜಟಿಲ ಆಕಾರದ ಗೋಡೆಗೆ ಪದರ ಹಾಕುವುದು ಅದರ ಬಲವಲ್ಲ. ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್ ಮತ್ತು ಪರಮಾಣು ಸಂಸ್ಥೆ ಸಿಇಎಗಳ ಬೆನ್ನಿಗಿರುವ ಸಲೋಮೆಯಲ್ಲಿ ಆಕಾರ ತಿದ್ದುವುದು, ಮೇಲ್ಮೈಗಳಿಗೆ ಹೆಸರಿಡುವುದು, ನೆಟ್‌ಜೆನ್ ಮೂಲಕ ಚತುರ್ಮುಖ ಸೆಲ್ ತುಂಬುವುದು, ಗೋಡೆಗೆ ಪದರ ಹಾಕುವುದು ಎಲ್ಲವೂ ಒಂದೇ ಕಿಟಕಿಯಲ್ಲಿ ಆಗುತ್ತವೆ. ಅಲ್ಲಿಂದ ಯುಎನ್‌ವಿ ರೂಪದಲ್ಲಿ ಹೊರತಂದು ಓಪನ್‌ಫೋಮ್‌ಗೆ ಪರಿವರ್ತಿಸಬಹುದು. ಅದರೊಳಗೆ ಕಾಣುವ ಮೆಶ್‌ಜೆಮ್ಸ್ ಆಯ್ಕೆಗಳಿಗೆ ಮಾತ್ರ ಪ್ರತ್ಯೇಕ ಲೈಸೆನ್ಸ್ ಬೇಕು.

ಆದೇಶಗಳ ಕಡತ ಬರೆಯುವುದು ಬೇಸರವೆನಿಸಿದರೆ ಫ್ರೀಕ್ಯಾಡ್ ಎಂಬ ಉಚಿತ ವಿನ್ಯಾಸ ತಂತ್ರಾಂಶಕ್ಕೆ ಸಿಎಫ್‌ಡಿಒಎಫ್ ಎಂಬ ಜೋಡಣೆ ಹಾಕಿಕೊಳ್ಳಿ. ಸಿಎಫ್‌ಮೆಶ್, ಸ್ನ್ಯಾಪಿ, ಜಿಮೆಶ್ ಮೂರನ್ನೂ ಗುಂಡಿ ಒತ್ತಿ ಬಳಸಬಹುದು.

ಉಚಿತ ತಂತ್ರಾಂಶದಲ್ಲಿ ಮೆಶ್ ಮಾಡಿದರೆ ಗಿರಾಕಿಯ ವಿನ್ಯಾಸವನ್ನೂ ಬಹಿರಂಗಪಡಿಸಬೇಕಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅದು ಸುಳ್ಳು. ಇಂಥ ಮುಕ್ತ ತಂತ್ರಾಂಶಗಳಿಗಿರುವ ಜಿಪಿಎಲ್ ಒಪ್ಪಂದ ತಂತ್ರಾಂಶದ ಪ್ರತಿಯನ್ನೋ, ಅದನ್ನು ತಿದ್ದಿದ ರೂಪವನ್ನೋ ಹಂಚಿದಾಗ ಅನ್ವಯಿಸುತ್ತದೆ. ಅದರಿಂದ ನೀವು ತಯಾರಿಸಿದ ಮೆಶ್, ಚಿತ್ರ, ವರದಿ ನಿಮ್ಮವು ಮತ್ತು ನಿಮ್ಮ ಗಿರಾಕಿಯವು.

ನಿಮ್ಮ ಸಮಯ ನಿಜವಾಗಿ ಹೋಗುವುದು ಮೆಶ್‌ಗೂ ಮುಂಚಿನ ಹಂತದಲ್ಲಿ, ಆಕಾರ ಶುದ್ಧಗೊಳಿಸುವುದರಲ್ಲಿ. ತಯಾರಕರು ಕೊಡುವ ಸ್ಟೆಪ್ ಕಡತದಲ್ಲಿ (ಮೂರು ಆಯಾಮದ ವಿನ್ಯಾಸದ ಕಡತ) ಬೋಲ್ಟು, ಗ್ಯಾಸ್ಕೆಟ್, ಎರಕದ ಮೇಲಿನ ಅಕ್ಷರ, ನಾಮಫಲಕ ಎಲ್ಲವೂ ಇರುತ್ತವೆ. ನಿಮಗೆ ಬೇಕಾದದ್ದು ನೀರು ಇರುವ ಟೊಳ್ಳು ಮಾತ್ರ. ಫ್ರೀಕ್ಯಾಡ್‌ನಲ್ಲೋ ಸಲೋಮೆಯಲ್ಲೋ ಒಂದು ಘನಾಕಾರದಿಂದ ವಾಲ್ವ್ ಅನ್ನು ಕಳೆದು ಆ ಟೊಳ್ಳನ್ನು ಪಡೆಯಬಹುದು. ಸ್ಟೆಮ್ ಪಕ್ಕದ ಕೂದಲೆಳೆಯಷ್ಟು ಸಂದಿಗಳನ್ನು ಮುಚ್ಚಿ. ಆದರೆ ತಟ್ಟೆ ಮತ್ತು ಸೀಟಿನ ನಡುವಿನ ಸಂದಿಯನ್ನು ಗಿರಾಕಿಯನ್ನು ಕೇಳದೆ ಮುಟ್ಟಬೇಡಿ. ಎಸ್‌ಟಿಎಲ್ ಕಡತಕ್ಕೆ ಅಳತೆಯ ಮಾನ ಎಂಬುದೇ ಇಲ್ಲ. ಮಿಲಿಮೀಟರಿನಲ್ಲಿ ಬಂದದ್ದನ್ನು ಓಪನ್‌ಫೋಮ್ ಮೀಟರ್ ಎಂದೇ ಓದುತ್ತದೆ. ಸರ್ಫೇಸ್‌ಚೆಕ್ ಆದೇಶ ಕೊಟ್ಟರೆ ಆಕಾರದ ಒಟ್ಟು ಅಳತೆಯೂ ಕಾಣುತ್ತದೆ, ಎಲ್ಲಾದರೂ ತೂತು ಉಳಿದಿದ್ದರೆ ಅದೂ ಕಾಣುತ್ತದೆ.

ವಾಲ್ವ್‌ಗೆ ಮುಂದೆ ಹಿಂದೆ ಎಷ್ಟು ಪೈಪ್ ಸೇರಿಸಬೇಕು ಎಂಬುದನ್ನು ಊಹೆಗೆ ಬಿಡಬೇಡಿ. ನಿಯಂತ್ರಣ ವಾಲ್ವ್‌ಗಳಿಗಿರುವ ಐಇಸಿ 60534 ಮಾನದಂಡದ ಪರೀಕ್ಷಾ ವಿಧಾನದಲ್ಲಿ ಒತ್ತಡವನ್ನು ವಾಲ್ವ್‌ಗಿಂತ ಮೊದಲು ಪೈಪಿನ ವ್ಯಾಸದ ಎರಡು ಪಟ್ಟು ದೂರದಲ್ಲಿ, ವಾಲ್ವ್ ದಾಟಿದ ಮೇಲೆ ಆರು ಪಟ್ಟು ದೂರದಲ್ಲಿ ಅಳೆಯುತ್ತಾರೆ. ನೀವೂ ಅದೇ ಜಾಗಗಳಲ್ಲಿ ಒತ್ತಡವನ್ನು ಓದಿ, ಹೊರದ್ವಾರವನ್ನು ಅದಕ್ಕಿಂತ ಸಾಕಷ್ಟು ಮುಂದೆ ಇಡಿ. ಆಗ ಗಿರಾಕಿಯ ಪರೀಕ್ಷಾ ವರದಿಯನ್ನು ನಿಮ್ಮ ಲೆಕ್ಕದ ಪಕ್ಕದಲ್ಲಿಟ್ಟು ಹೋಲಿಸಬಹುದು.

ಮೆಶ್ ಚೆನ್ನಾಗಿದೆಯೇ ಎಂದು ಓಪನ್‌ಫೋಮ್‌ನ ಚೆಕ್‌ಮೆಶ್ ಆದೇಶ ಹೇಳುವುದು ಅರ್ಧ ಮಾತ್ರ. ನಾನ್-ಆರ್ಥೊಗೊನ್ಯಾಲಿಟಿ (ಪಕ್ಕದ ಸೆಲ್‌ಗಳ ಕೇಂದ್ರ ಸೇರಿಸುವ ಗೆರೆ ನಡುವಿನ ಮುಖದ ಲಂಬದಿಂದ ವಾಲಿರುವ ಕೋನ) 70 ಡಿಗ್ರಿ ದಾಟಿದರೆ, ಸ್ಕ್ಯೂನೆಸ್ (ಓರೆತನ) 4 ದಾಟಿದರೆ ಅದು ಎಚ್ಚರಿಸುತ್ತದೆ. ಎಚ್ಚರಿಕೆ ಬಾರದ ಮೆಶ್ ಕೂಡ ತಪ್ಪು ಉತ್ತರ ಕೊಡಬಲ್ಲದು. ಅದನ್ನು ಹಿಡಿಯುವ ದಾರಿ, ಒಂದೇ ವಾಲ್ವ್‌ಗೆ ಮೂರು ಮೆಶ್ ಮಾಡಿ ಉತ್ತರ ಹೇಗೆ ಬದಲಾಗುತ್ತದೆಂದು ನೋಡುವುದು. ಪ್ಯಾಟ್ರಿಕ್ ರೋಚ್ 1994ರಲ್ಲಿ ಪ್ರಕಟಿಸಿದ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ ಇದಕ್ಕೇ ಇರುವುದು. ಒಂದು ಕಲ್ಪಿತ ಉದಾಹರಣೆ: ಸೆಲ್‌ನ ಬದಿಯನ್ನು ಪ್ರತಿ ಸಲ 1.5 ಪಟ್ಟು ಚಿಕ್ಕದು ಮಾಡುತ್ತಾ 5 ಲಕ್ಷ, 17 ಲಕ್ಷ, 57 ಲಕ್ಷ ಸೆಲ್‌ಗಳ ಮೆಶ್ ಮಾಡಿದಿರಿ. ಒತ್ತಡದ ಇಳಿಕೆ 20.0, 18.8, 18.2 ಕಿಲೋಪಾಸ್ಕಲ್ ಬಂತು. ವ್ಯತ್ಯಾಸ 1.2ರಿಂದ 0.6ಕ್ಕೆ, ಅರ್ಧಕ್ಕೆ ಇಳಿದಿದೆ. ಇದರಿಂದ ನಿಖರತೆಯ ಕ್ರಮಾಂಕ 1.7 ಎಂದು ಸಿಗುತ್ತದೆ, ಎರಡನೇ ಕ್ರಮಾಂಕದ ವಿಧಾನಕ್ಕೆ ಇದು ನಂಬಬಹುದಾದ ಬೆಲೆ. 1.25ರ ಸುರಕ್ಷತಾ ಅಂಶ ಸೇರಿಸಿ ಲೆಕ್ಕ ಹಾಕಿದರೆ ಕೊನೆಯ ಮೆಶ್‌ನ ಅನಿಶ್ಚಿತತೆ ಶೇಕಡಾ 4ರಷ್ಟು ಬರುತ್ತದೆ. ಈ ಒಂದು ಸಾಲು ನಿಮ್ಮ ವರದಿಯಲ್ಲಿದ್ದರೆ ಅದರ ತೂಕವೇ ಬೇರೆ. ಸಾವಿರ ಬಣ್ಣದ ಚಿತ್ರಗಳಿಂದ ಅದು ಬರುವುದಿಲ್ಲ. ಆದರೆ ವಾಲ್ ಫಂಕ್ಷನ್ ಬಳಸುತ್ತಿರುವುದರಿಂದ, ಸೂಕ್ಷ್ಮಗೊಳಿಸುವಾಗ ಮೊದಲ ಪದರದ ದಪ್ಪವನ್ನು ಹಾಗೆಯೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ವೈ ಪ್ಲಸ್ 30ಕ್ಕಿಂತ ಕೆಳಗೆ ಜಾರಿ ಮೂರು ಮೆಶ್‌ಗಳೂ ಬೇರೆಬೇರೆ ಲೆಕ್ಕಗಳೇ ಆಗಿಬಿಡುತ್ತವೆ.

ಲೈಸೆನ್ಸಿಗೆಂದು ಎತ್ತಿಟ್ಟ ಹಣವಿದ್ದರೆ ಅದನ್ನು ಯಂತ್ರಕ್ಕೆ ಹಾಕಿ. ಹತ್ತು ಲಕ್ಷ ಸೆಲ್‌ಗೆ ಸ್ಥೂಲವಾಗಿ 1ರಿಂದ 2 ಜಿಬಿ ಮೆಮೊರಿ ಎಂದು ಹಿಡಿಯಬಹುದು; ಮೆಶ್ ಮಾಡುವ ಹೊತ್ತಿನಲ್ಲಿ ಇನ್ನೂ ಹೆಚ್ಚು ಬೇಡುತ್ತದೆ. ಮೇಲಿನ 57 ಲಕ್ಷದ ಮೆಶ್‌ಗೆ 32 ಜಿಬಿ ಇದ್ದರೆ ನಿರಾಳ. ಪ್ರೊಸೆಸರ್‌ನಲ್ಲಿ ಎಷ್ಟು ಕೋರ್ ಎಂಬುದಕ್ಕಿಂತ ಎಷ್ಟು ಮೆಮೊರಿ ಚಾನೆಲ್ ಎಂದು ಕೇಳಿ. ಸಿಎಫ್‌ಡಿ ಗಣನೆಯ ವೇಗವನ್ನು ಬಹುತೇಕ ತಡೆಯುವುದು ಮೆಮೊರಿಯಿಂದ ದತ್ತಾಂಶ ಬರುವ ವೇಗ. ನಾಲ್ಕು ಚಾನೆಲ್ ತುಂಬಿಸಿದ ಹಳೆಯ ವರ್ಕ್‌ಸ್ಟೇಷನ್, ಎರಡೇ ಚಾನೆಲ್‌ನ ಹೊಸ ಮೇಜುಗಣಕವನ್ನು ಈ ಕೆಲಸದಲ್ಲಿ ಹಿಂದೆ ಹಾಕುವುದುಂಟು.

ಕಲಿಯಲು ಐಐಟಿ ಬಾಂಬೆಯ ಫಾಸಿ ಯೋಜನೆ ಓಪನ್‌ಫೋಮ್‌ಗೆ ಉಚಿತ ಸ್ಪೋಕನ್ ಟ್ಯುಟೋರಿಯಲ್‌ಗಳನ್ನು ಕೊಟ್ಟಿದೆ. ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರ ಆರಂಭಿಸಿದ ಟರ್ಬುಲೆನ್ಸ್ ಮಾಡೆಲಿಂಗ್ ರಿಸೋರ್ಸ್ ಎಂಬ ತಾಣದಲ್ಲಿ ಚಪ್ಪಟೆ ಹಲಗೆ, ಎನ್‌ಎಸಿಎ 0012 ಮುಂತಾದ ಮಾದರಿಗಳಿಗೆ ಸಿದ್ಧ ಗ್ರಿಡ್‌ಗಳೂ ಉತ್ತರಗಳೂ ಇವೆ. ಅಲ್ಲಿನ ಗ್ರಿಡ್‌ನಲ್ಲಿ ಒಮ್ಮೆ, ಅದೇ ಆಕಾರಕ್ಕೆ ನೀವೇ ಮಾಡಿದ ಮೆಶ್‌ನಲ್ಲಿ ಒಮ್ಮೆ ಗಣನೆ ನಡೆಸಿ ನೋಡಿ. ನಿಮ್ಮ ಮೆಶ್ ಎಲ್ಲಿ ಸೋಲುತ್ತದೆಂದು ಯಾರ ಸಹಾಯವೂ ಇಲ್ಲದೆ ತಿಳಿಯುತ್ತದೆ.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವ ಕಾಲ ಬರುವುದೇ ಇಲ್ಲವೇ? ಬರಬಹುದು. ವೈ ಪ್ಲಸ್ 1 ಕೇಳುವ ಟರ್ಬೊ ಯಂತ್ರದ ಕೆಲಸ, ಬ್ಲಾಕ್‌ಗಳಲ್ಲಿ ಕಟ್ಟಿದ ಮೆಶ್ ಅನ್ನೇ ಒಪ್ಪಂದದಲ್ಲಿ ಕೇಳುವ ವಿಮಾನಯಾನದ ಗಿರಾಕಿ ಸಿಕ್ಕರೆ ವಾಣಿಜ್ಯ ತಂತ್ರಾಂಶ ತನ್ನ ಬೆಲೆಯನ್ನು ದುಡಿದುಕೊಡುತ್ತದೆ. ದುಃಖದ ಸಂಗತಿಯೆಂದರೆ, ಮೆಶ್ ಒಂದನ್ನೇ ಕಸುಬು ಮಾಡಿಕೊಂಡಿದ್ದ ಕಂಪನಿಗಳು ಒಂದೊಂದಾಗಿ ದೊಡ್ಡವರ ಪಾಲಾಗಿವೆ. ಐಸೆಮ್ 2000ರಲ್ಲಿ ಆನ್ಸಿಸ್‌ಗೆ ಸೇರಿತು, ಪಾಯಿಂಟ್‌ವೈಸ್ 2021ರಲ್ಲಿ ಕೇಡೆನ್ಸ್‌ಗೆ, ಆನ್ಸಾ ತಯಾರಿಸುವ ಬೀಟಾ ಕಂಪನಿ 2024ರಲ್ಲಿ ಅದೇ ಕೇಡೆನ್ಸ್‌ಗೆ. ಒಬ್ಬನೇ ಕುಳಿತು ದುಡಿಯುವವನ ಜೊತೆ ಕೂತು ಮಾತಾಡುವ ಮಾರಾಟಗಾರರು ಕಡಿಮೆಯಾಗುತ್ತಿದ್ದಾರೆ.

ಆದರೂ ಕೇಳಿ. ಇಡೀ ವರ್ಷದ ಬದಲು ತಿಂಗಳ ಅಥವಾ ಮೂರು ತಿಂಗಳ ಬಾಡಿಗೆ ಇದೆಯೇ, ಹೊಸ ಉದ್ಯಮಗಳಿಗೆ ಬೇರೆ ದರವಿದೆಯೇ, ಲೈಸೆನ್ಸ್ ಮುಗಿದ ಮೇಲೆ ಹಳೆಯ ಕಡತ ತೆರೆಯಬಹುದೇ, ಓಪನ್‌ಫೋಮ್ ರೂಪದಲ್ಲಿ ನೇರ ಹೊರತರಬಹುದೇ ಎಂದು ಲಿಖಿತವಾಗಿ ಕೇಳಿ. ಆ ಬಾಡಿಗೆಯನ್ನು ನಿಮ್ಮ ಕೊಟೇಶನ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ. ದೊಡ್ಡ ಗಿರಾಕಿಯಾದರೆ ಅವರ ಬಳಿಯೇ ಲೈಸೆನ್ಸ್ ಇರುವ ಸಾಧ್ಯತೆ ಹೆಚ್ಚು. ಮೆಶ್ ಅವರೇ ಮಾಡಿಕೊಟ್ಟು ಗಣನೆ ನೀವು ನಡೆಸುವ ಏರ್ಪಾಡನ್ನೂ ಪ್ರಸ್ತಾಪಿಸಬಹುದು. ಪ್ರಾಯೋಗಿಕ ಅವಧಿ ಕೊಟ್ಟರೆ ಮಾರಾಟಗಾರ ತೋರಿಸುವ ಮಾದರಿಯನ್ನು ಪಕ್ಕಕ್ಕಿಟ್ಟು, ಸಿಎಫ್‌ಮೆಶ್‌ನಲ್ಲಿ ನಿಮಗೆ ಅತಿ ಹೆಚ್ಚು ಕಾಟ ಕೊಟ್ಟ ವಾಲ್ವ್ ಅನ್ನೇ ಕೊಡಿ, ಹತ್ತು ಡಿಗ್ರಿ ಮಾತ್ರ ತೆರೆದ ಸ್ಥಿತಿಯಲ್ಲಿ.